ಅಳತೆ ಟೇಪಿಗೆ ಸಿಗದ ಸ್ಯಾಮ್ ಮಿಲ್ಸ್

ಎಲ್ಲರಿಗೂ ನಮಸ್ಕಾರ. ಷಾರ್ಲೆಟ್‌ನಲ್ಲಿದ್ದು, ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಂಥರ್ಸ್‌ನ ಆಟಕ್ಕೆ ಮೊದಲು ಬಾರಿಸುವ ಆ ಡ್ರಮ್ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. 'ಕೀಪ್ ಪೌಂಡಿಂಗ್', ಅಂದರೆ ಬಿಡದೆ ಬಡಿಯುತ್ತಿರಿ, ಅಂದ ಆಟಗಾರ ಸ್ಯಾಮ್ ಮಿಲ್ಸ್ ಬಗ್ಗೆ ಇವತ್ತೇ ಯಾಕೆ ಮಾತು ಅಂದರೆ, ಹೋದ ವಾರ ನಮ್ಮವರ ಹುಡುಗನೊಬ್ಬ ಶಾಲೆಯ ಟೀಮಿನ ಆಯ್ಕೆಗೆ ಹೋಗಿ ಮುಖ ಸಣ್ಣಗೆ ಮಾಡಿಕೊಂಡು ಬಂದ. ಆಟ ನೋಡಲೇ ಇಲ್ಲವಂತೆ. ಎತ್ತರ ನೋಡಿ ಕಳಿಸಿದರಂತೆ.

ಮಿಲ್ಸ್ ಎತ್ತರ 5 ಅಡಿ 9 ಇಂಚು. ನಮ್ಮೂರ ಶಾಲೆಯಾಗಿದ್ದರೆ ಮೇಷ್ಟ್ರು ಹಿಂದಿನ ಬೆಂಚಿಗೆ ಅಟ್ಟುತ್ತಿದ್ದರು! ಎದುರಾಳಿಯನ್ನು ಹಿಡಿದು ಕೆಡವುವ ಲೈನ್‌ಬ್ಯಾಕರ್‌ಗಳ ನಡುವೆ ಮಾತ್ರ ಕುಳ್ಳ. ಓದಿದ್ದು ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಸ್ಟೇಟ್, ಫುಟ್‌ಬಾಲ್‌ಗೆ ಹೆಸರಿಲ್ಲದ ಕಾಲೇಜು. 1981ರಲ್ಲಿ ದೊಡ್ಡ ಲೀಗ್‌ನ ಕ್ಲೀವ್‌ಲೆಂಡ್ ಬ್ರೌನ್ಸ್ ತಂಡದವರು ಬೇಡ ಅಂದರು. ಮರುವರ್ಷ ಕೆನಡಾದ ಟೊರಾಂಟೊ ತಂಡದವರೂ ಬೇಡ ಅಂದರು. ಹೈಸ್ಕೂಲಿನಲ್ಲಿ ಫೋಟೋಗ್ರಫಿ ಹೇಳಿಕೊಡುತ್ತಿದ್ದರು. 1983ರಲ್ಲಿ ಹೊಸ ಲೀಗ್‌ನ ಫಿಲಡೆಲ್ಫಿಯಾ ಸ್ಟಾರ್ಸ್ ಸೇರಿದರು. ಮೂರು ಸೀಸನ್, ಎರಡು ಕಪ್. ಲೀಗ್ ಮುಚ್ಚಿತು. ಅಲ್ಲಿನ ಕೋಚ್ ಜಿಮ್ ಮೋರಾ ದೊಡ್ಡ ಲೀಗ್‌ನ ನ್ಯೂ ಆರ್ಲಿಯನ್ಸ್ ತಂಡಕ್ಕೆ ಹೊರಟಾಗ ಈ ಕುಳ್ಳನನ್ನೂ ಕರೆದುಕೊಂಡು ಹೋದರು. ಅಲ್ಲಿ ಜೊತೆಯವರು ಇಟ್ಟ ಅಡ್ಡಹೆಸರು 'ಹೊಲದ ಇಲಿ'.

ಟೇಪು ಅಳೆಯುವುದು ತಲೆಯಿಂದ ಪಾದದವರೆಗೆ, ಅಷ್ಟೇ. ಕಬಡ್ಡಿ ಆಡಿದವರನ್ನು ಕೇಳಿ. ಕೆಳಗಿನಿಂದ ನುಗ್ಗಿ ಸೊಂಟಕ್ಕೆ ಬಿದ್ದವನನ್ನು ಕೊಡವಿಕೊಳ್ಳುವುದು ಸುಲಭವಲ್ಲ, ಅಲ್ವಾ?

ಈಗ ನನಗಿಷ್ಟದ ಕಥೆ. ನನ್ನ ಹೆಂಡತಿ ಇದನ್ನು ಎಷ್ಟೋ ಸಲ ಕೇಳಿದ್ದಾಳೆ, ಕ್ಷಮಿಸಬೇಕು. 1995. ಪ್ಯಾಂಥರ್ಸ್ ಹೊಸ ತಂಡ, ಮಿಲ್ಸ್ ಈಗ ಇಲ್ಲಿ. ಇಲ್ಲಿನ ಸ್ಟೇಡಿಯಂ ಇನ್ನೂ ಎದ್ದಿಲ್ಲ, ಕ್ಲೆಮ್ಸನ್‌ನಲ್ಲಿ ಬಾಡಿಗೆ ಸಂಸಾರ. ಮೊದಲ ಐದೂ ಆಟ ಸೋಲು. ಆರನೆಯದು ನ್ಯೂಯಾರ್ಕ್ ಜೆಟ್ಸ್ ಮೇಲೆ. ಅವರಲ್ಲಿ ಚೆಂಡು ಎಸೆಯುವವ, ಅಂದರೆ ಕ್ವಾರ್ಟರ್‌ಬ್ಯಾಕ್, ಬಬ್ಬಿ ಬ್ರಿಸ್ಟರ್ ಎದುರಿನವರು ಮೇಲೆ ಬೀಳುವಷ್ಟರಲ್ಲಿ ಚೆಂಡನ್ನು ಸುಮ್ನೆ ಹೀಗೆ, ತಟ್ಟೆ ದಾಟಿಸುವ ಹಾಗೆ, ಪಕ್ಕದವನಿಗೆ ತಳ್ಳಿದ. ಪಕ್ಕದವನಿಗೆ ಸಿಗಲಿಲ್ಲ. ನಡುವೆ ಮಿಲ್ಸ್! ಹಿಡಿದು ಓಡಿದರು, 36 ಗಜ, ಕೊನೆಯ ಗೆರೆ ದಾಟಿ ಟಚ್‌ಡೌನ್. ಆಗ ಅವರ ವಯಸ್ಸೂ 36. ವಯಸ್ಸಿಗೊಂದು ಗಜ! ತಂಡದ ಮೊದಲ ಗೆಲುವು ಅದು. ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಿದ್ದರಲ್ಲ, ಅದನ್ನು ಅಳೆಯುವ ಟೇಪು ಎಲ್ಲಿದೆ ಹೇಳಿ.

ಚೀಟಿ ಬಂತು. ಐದು ನಿಮಿಷವಂತೆ. ನ್ಯೂ ಆರ್ಲಿಯನ್ಸ್‌ನ ಒಂಬತ್ತು ವರ್ಷ ಹೇಳಲೇ ಇಲ್ಲ. ಇರಲಿ.

1997ರ ನಂತರ ಇಲ್ಲೇ ಕೋಚ್ ಆದರು. 2003ರ ಆಗಸ್ಟಿನಲ್ಲಿ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಕೀಮೋ ನಡುವೆಯೂ ಕೆಲಸಕ್ಕೆ ಬಂದರು. ಡಲ್ಲಾಸ್ ಜೊತೆಗಿನ ಪ್ಲೇಆಫ್‌ಗೆ, ಅಂದರೆ ಸೋತರೆ ಹೊರಗೆ ಅನ್ನುವ ಆಟಕ್ಕೆ, ಮೊದಲು ತಂಡದ ಹುಡುಗರ ಮುಂದೆ ನಿಂತು ಹೇಳಿದ್ದೇ ಆ ಡ್ರಮ್ ಮೇಲಿರುವ 'ಕೀಪ್ ಪೌಂಡಿಂಗ್' ಮಾತು. ಆ ಹುಡುಗರು ಫೈನಲ್, ಅಂದರೆ ಸೂಪರ್ ಬೌಲ್‌ವರೆಗೆ ಹೋದರು, ಮೂರು ಅಂಕದಲ್ಲಿ ಸೋತರು. 2005ರ ಏಪ್ರಿಲ್‌ನಲ್ಲಿ ಮಿಲ್ಸ್ ತೀರಿಕೊಂಡರು. 45 ವರ್ಷ.

ಈ ಆಟದ ಮಹಾನ್ ಆಟಗಾರರಿಗೆ ಸಿಗುವ ಗೌರವದ ಹಾಲ್ ಆಫ್ ಫೇಮ್ ಒಳಗೆ ಅವರನ್ನು ಬಿಟ್ಟುಕೊಂಡಿದ್ದು 2022ರಲ್ಲಿ. ಅಲ್ಲಿ ಭಾಷಣ ಮಾಡಿದ್ದು ಅವರ ಹೆಂಡತಿ.

ಎರಡನೇ ಚೀಟಿ! ಹೋಳಿಗೆ ಆರುತ್ತಿದೆಯಂತೆ. ಆ ಹುಡುಗ ಹಿಂದಿನ ಸಾಲಿನಲ್ಲೇ ಕೂತಿದ್ದಾನೆ. ಲೋ, ಊಟಕ್ಕೆ ನನ್ನ ಪಕ್ಕ ಬಾ, ಆ ಆಟದ ವಿಡಿಯೋ ತೋರಿಸುತ್ತೇನೆ.