ಅವ್ವನ ಸೀರೆಯ ಆಸನ

ಕೇಳುಗರಿಗೆ ನಮಸ್ಕಾರ.

ಹೂ ಕಟ್ಟುವುದನ್ನು ಹತ್ತಿರದಿಂದ ನೋಡಿದ್ದೀರಿ ಅಲ್ವಾ? ಕೈಯಲ್ಲಿ ಒದ್ದೆ ಬಾಳೆ ನಾರು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ. ನಾರನ್ನು ಒಂದು ಸುತ್ತು ತಂದು, ಕುಣಿಕೆ ಹಾಕಿ ಎಳೆದರೆ ಆಯಿತು. ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ಹೀಗೇ ಕಟ್ಟಿ ಮಾರುತ್ತಾರೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೂವಿನಲ್ಲಿ ಒಂದಕ್ಕೂ ಸೂಜಿ ತಾಗಿರುವುದಿಲ್ಲ.

ಹೂ ಕಟ್ಟಲು ಬರುವ ಕೈಗೆ ಬಟ್ಟೆ ಕೆಲಸವೂ ಬರುತ್ತದೆ. ನಾವು ಮಾತ್ರ "ನನಗೆ ಹೊಲಿಗೆ ಬರಲ್ಲ" ಅಂತ ಬಟ್ಟೆಯನ್ನು ಪಕ್ಕಕ್ಕೆ ಇಟ್ಟುಬಿಡುತ್ತೇವೆ. ನನಗೆ ಇದು ಹೊಳೆದದ್ದು ನಮ್ಮ ಅವ್ವನಿಂದ. ಅವ್ವ ಕೌದಿ ಹೊಲಿದು ಹೊಲಿದು ಬೆರಳು ಗಟ್ಟಿಯಾದವಳು. ಎಪ್ಪತ್ತು ದಾಟಿದ ಮೇಲೆ ಒಂದು ದಿನ ಸೂಜಿಯನ್ನು ನನ್ನ ಕೈಗೆ ಕೊಟ್ಟು, "ಕಣ್ಣ ಕಾಣವಲ್ದವ್ವಾ, ಇನ್ನ ಸಾಕು" ಅಂದಳು. ಟ್ರಂಕಿನಲ್ಲಿ ಹಳೆಯ ಹತ್ತಿ ಸೀರೆಗಳು ಹಾಗೇ ಉಳಿದವು. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಅವಳ ಕಣ್ಣು ಸೋತಿತ್ತು, ಕೈ ಸೋತಿರಲಿಲ್ಲ. ಅದಕ್ಕೇ ಒಂದು ಸೀರೆ ತೆಗೆದು, ಹೊಲಿಗೆಯಿಲ್ಲದೆ ಕೂರುವ ಆಸನ ಮಾಡೋಣ ಅಂತ ಜಡೆ ಹೆಣೆಯಲು ಕೂತೆವು. ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಬಟ್ಟೆ ಹತ್ತಿಯದ್ದೇ ಇರಲಿ. ಅದು ನೇರವಾಗಿ ಹರಿಯುತ್ತದೆ. ಸಿಂಥೆಟಿಕ್ ಸೀರೆ ಜಾರುತ್ತದೆ, ಗಂಟು ನಿಲ್ಲುವುದಿಲ್ಲ.

ಮೊದಲು ಫಾಲ್ ಬಿಚ್ಚಿ, ಅಂಚು ಕತ್ತರಿಸಿ ಬೇರೆ ಇಡಿ. ಉಳಿದದ್ದರ ಸೆರಗಿನ ತುದಿಯಲ್ಲಿ ಮೂರು ಬೆರಳಿಗೆ ಒಂದರಂತೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ. ಕಚ್ಚಿನ ಎರಡು ಕಡೆ ಹಿಡಿದು ಎಳೆದರೆ ಪರ್ರನೆ ಉದ್ದಕ್ಕೂ ಹರಿಯುತ್ತದೆ, ಕತ್ತರಿಗಿಂತ ನೇರವಾಗಿ. ಧೂಳು ಜಾಸ್ತಿ ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತು ಹರಿಯಿರಿ. ಐದೂವರೆ ಮೀಟರಿನ ಪಟ್ಟಿ ಸಿಗುತ್ತದೆ. ಅಷ್ಟುದ್ದ ಬೇಡ, ಸಿಕ್ಕು ಆಗುತ್ತದೆ. ಹೂ ಅಳೆಯುವ ಹಾಗೆ ಎರಡೂ ಕೈ ಚಾಚಿ, ಒಂದೊಂದು ಮಾರಿಗೆ ತುಂಡು ಮಾಡಿ.

ಈಗ ಮುಖ್ಯವಾದ ಮಾತು. ಪಟ್ಟಿಗೆ ಪಟ್ಟಿ ಸೇರಿಸುವುದು ಹೇಗೆ? ಗಂಟು ಹಾಕಿದರೆ ಉಬ್ಬು ಬರುತ್ತದೆ, ಕೂತಾಗ ಚುಚ್ಚುತ್ತದೆ. ಅದರ ಬದಲು ಪಟ್ಟಿಯ ತುದಿಯನ್ನು ಮಡಚಿ, ಮಡಿಕೆಯ ಮೇಲೆ ಕತ್ತರಿಯಿಂದ ಸ್ವಲ್ಪ ಕತ್ತರಿಸಿ. ಬಿಚ್ಚಿದರೆ ಗುಂಡಿ ಮನೆಯಂಥ ತೂತು ಕಾಣುತ್ತದೆ. ಹೊಸ ಪಟ್ಟಿಗೂ ಹಾಗೇ ಮಾಡಿ. ಹಳೆ ಪಟ್ಟಿಯ ತುದಿಯನ್ನು ಹೊಸದರ ತೂತಿನೊಳಗೆ ತೂರಿಸಿ. ಆಮೇಲೆ ಹೊಸ ಪಟ್ಟಿಯ ಬಾಲವನ್ನು ಹಳೆಯದರ ತೂತಿನೊಳಗಿಂದ ಪೂರ್ತಿ ಎಳೆದುಕೊಳ್ಳಿ. ಎರಡೂ ಒಂದರೊಳಗೊಂದು ಸಿಕ್ಕಿ ಚಪ್ಪಟೆಯಾಗಿ ಕೂರುತ್ತವೆ. ಎಷ್ಟು ಎಳೆದರೆ ಅಷ್ಟು ಬಿಗಿ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ನೂಲು, ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಮಗ್ಗದಲ್ಲೇ ಎರಡನ್ನೂ ಕುಣಿಕೆಯಲ್ಲಿ ಕೂಡಿಸುತ್ತಾರೆ. ನಾನು ಇದನ್ನು ತೋರಿಸಿದಾಗ ಅವ್ವ ತಕ್ಷಣ ಆ ಸೆರಗನ್ನೇ ನೆನಪಿಸಿಕೊಂಡಳು.

ಮೂರು ಪಟ್ಟಿಗಳ ತುದಿ ಒಟ್ಟಿಗೆ ಹಿಡಿದು ಕಿಟಕಿ ಸರಳಿಗೆ ಕಟ್ಟಿ, ಒಂದು ಗೇಣು ಜಡೆ ಹೆಣೆಯಿರಿ. ಹರಿದ ಅಂಚು ಒಳಗೆ ಹೋಗುವಂತೆ ಮಡಚುತ್ತಾ ಹೆಣೆದರೆ ಆಮೇಲೆ ನೂಲು ಏಳುವುದಿಲ್ಲ. ನಂತರ ಸರಳಿನಿಂದ ಬಿಚ್ಚಿ, ಜಡೆಯನ್ನು ಅದರ ಪಕ್ಕಕ್ಕೇ ತಿರುಗಿಸಿ. ಇಲ್ಲಿ ನಿಮಗೆ ಬೇಕಾದದ್ದು ಲಂಗಕ್ಕೆ ಲಾಡಿ ಪೋಣಿಸುವ ಪಿನ್ನು, ಅಷ್ಟೇ. ಹೆಣೆಯುವಾಗ ಒಳಮಗ್ಗುಲಿಗೆ ಬಂದ ಪಟ್ಟಿಯ ತುದಿಗೆ ಪಿನ್ನು ಹಾಕಿ, ಹಿಂದಿನ ಸುತ್ತಿನ ಜಡೆಯ ಸಂದಿನಲ್ಲಿ ತೂರಿಸಿ ಎಳೆದುಕೊಳ್ಳಿ. ಮತ್ತೆ ಹೆಣೆಯಿರಿ. ಮತ್ತೆ ಒಳಮಗ್ಗುಲಿಗೆ ಬಂದದ್ದನ್ನು ಮುಂದಿನ ಸಂದಿಗೆ ತೂರಿಸಿ. ಸುತ್ತಿಗೆ ಸುತ್ತು ಹೀಗೆ ತಾನೇ ಬೆಸೆದುಕೊಳ್ಳುತ್ತದೆ. ಪಟ್ಟಿ ಮುಗಿಯುತ್ತಾ ಬಂದಾಗ ಇನ್ನೊಂದು ಮಾರು ಸೇರಿಸಿ.

ತಿರುವಿನಲ್ಲಿ ಮಾತ್ರ ಸ್ವಲ್ಪ ಹುಷಾರು. ಅಲ್ಲಿ ಒಂದೇ ಸಂದಿಗೆ ಎರಡು ಸಲ ತೂರಿಸಬೇಕು. ಇಲ್ಲದಿದ್ದರೆ ಅಂಚು ಮೇಲಕ್ಕೆದ್ದು ಬುಟ್ಟಿ ಆಗುತ್ತದೆ. ಜಾಸ್ತಿ ತೂರಿಸಿದರೆ ಲಂಗದ ನೆರಿಗೆಯಂತೆ ಅಲೆ ಅಲೆಯಾಗುತ್ತದೆ. ಎರಡು ಸುತ್ತಿಗೊಮ್ಮೆ ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ ನೋಡಿ. ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೆಣೆಯಿರಿ, ಬಟ್ಟೆ ಹಾಳಾಗುವುದಿಲ್ಲ. ಕೊನೆಯಲ್ಲಿ ಉಳಿದ ಮೂರು ಬಾಲಗಳನ್ನು ಸಪೂರ ಕತ್ತರಿಸಿ, ಅದೇ ಪಿನ್ನಿನಿಂದ ಸುತ್ತುಗಳ ಒಳಗೆ ಅಡಗಿಸಿ. ಒಂದು ಸೀರೆಯಲ್ಲಿ ಸುಮಾರು ಎರಡಡಿ ಅಗಲದ ಆಸನ ಬರುತ್ತದೆ.

ಆಸನ ಅಂದೆ. ಮೊದಲು ನಾನು ಇದನ್ನು ಕಾಲೊರಸು ಮಾಡೋಣ ಅಂದಿದ್ದೆ. ಅವ್ವ ಒಪ್ಪಲಿಲ್ಲ. "ಉಟ್ಟ ಸೀರಿ ಮ್ಯಾಲ ಕಾಲ ಇಡೂದು ಹೆಂಗ? ಕುಂದ್ರಾಕ ಮಾಡು" ಅಂದಳು. ಅವಳು ಹೇಳಿದ್ದೇ ಸರಿ. ಕಾಲೊರಸಿಗೆ ಹಳೆ ಬೆಡ್‌ಶೀಟು ಇರಲಿ. ಅದನ್ನೂ ಬಚ್ಚಲ ಬಾಗಿಲಲ್ಲಿ ಸುಮ್ನೆ ಹಾಸಬೇಡಿ, ಒದ್ದೆ ನೆಲದಲ್ಲಿ ಜಾರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅದರ ಕೆಳಗೆ ರಬ್ಬರ್ ಜಾಲರಿ ಹಾಕಿಯೇ ಇಡಿ.

ಮಕ್ಕಳು ಕೂತಿದ್ದರೆ ಅವರಿಗೆ ಒಂದು ಹಳೆ ಟೀ ಶರ್ಟ್ ಕೊಡಿ, ಚೀಲ ಮಾಡಲಿ. ಆ ಬಟ್ಟೆ ಕತ್ತರಿಸಿದ ಕಡೆ ನೂಲು ಬಿಡುವುದಿಲ್ಲ, ಎಳೆದರೆ ಸುರುಳಿ ಸುತ್ತಿಕೊಳ್ಳುತ್ತದೆ. ತೋಳು, ಕುತ್ತಿಗೆ ಕತ್ತರಿಸಿದರೆ ಕೈ ಹಿಡಿಕೆ ಸಿದ್ಧ. ಕೆಳಗೆ ನಾಲ್ಕು ಬೆರಳುದ್ದಕ್ಕೆ, ಒಂದು ಬೆರಳಗಲದ ಎಳೆಗಳಾಗಿ ಕತ್ತರಿಸಿ, ಮುಂದಿನದನ್ನೂ ಹಿಂದಿನದನ್ನೂ ಗಂಟು ಹಾಕಿ. ಗಂಟುಗಳ ನಡುವೆ ತೂತು ಉಳಿಯುತ್ತದೆ. ಪಕ್ಕದ ಗಂಟಿನ ಎಳೆಯ ಜತೆ ಇನ್ನೊಂದು ಗಂಟು ಹಾಕಿದರೆ ತೂತು ಮುಚ್ಚಿ ತರಕಾರಿ ಚೀಲ ಆಗುತ್ತದೆ.

ಬಿಳಿ ಅಂಟಿನಿಂದ ಬಟ್ಟೆ ಅಂಟಿಸುವವರೂ ಇದ್ದಾರೆ. ಡಬ್ಬಿಗೆ, ಫೋಟೋ ಚೌಕಟ್ಟಿಗೆ ಅದು ಚೆನ್ನ. ಒಗೆಯುವ ವಸ್ತುವಿಗೆ ನಾನು ಬೇಡ ಅನ್ನುತ್ತೇನೆ. ಬಟ್ಟೆ ರಟ್ಟಾಗುತ್ತದೆ, ನೀರು ತಾಗಿದರೆ ಅಂಟು ಬಿಡುತ್ತದೆ.

ಅವ್ವ ಈಗ ಎರಡನೆಯ ಆಸನ ಹಿಡಿದಿದ್ದಾಳೆ. ಸಂಜೆ ಕರೆಂಟು ಹೋದರೂ ಕೈ ನಿಲ್ಲುವುದಿಲ್ಲ. ಹೆಬ್ಬೆರಳಿನಿಂದ ಸಂದು ತಡವಿ, ಪಿನ್ನು ತೂರಿಸಿ, ಪಟ್ಟಿ ಎಳೆಯುತ್ತಾಳೆ. ಮೊನ್ನೆ ಕತ್ತಲಲ್ಲೇ ಒಂದು ಪಟ್ಟಿ ಸವರಿ, "ಇದು ನಿನ್ನ ಬಾಣಂತನದಾಗ ಉಟ್ಟಿದ್ದ ಹಸರ ಸೀರಿ" ಅಂದಳು. ದೀಪ ಬಂದಾಗ ನೋಡಿದೆ. ಹಸಿರೇ ಇತ್ತು.

ನಮಸ್ಕಾರ.