ಲಾಳ ಸವೆದಿಲ್ಲ, ಆದರೂ ಬಿಚ್ಚಬೇಕು

ನಮಸ್ಕಾರ ಎಲ್ಲರಿಗೂ. ಇವತ್ತು ಮೈಸೂರಿನಲ್ಲಿದ್ದೇನೆ. ಅರಮನೆ ತೋರಿಸುವುದಿಲ್ಲ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೂ ಹೋಗುವುದಿಲ್ಲ. ಇವತ್ತು ಕ್ಯಾಮೆರಾ ನೆಲದ ಹತ್ತಿರವೇ ಇರುತ್ತದೆ. ಟಾಂಗಾ ಕುದುರೆಯ ಕಾಲು ನೋಡೋಣ ಬನ್ನಿ.

ಈ ಎರಡು ಗೊರಸು ನೋಡಿ. ಎರಡೂ ಒಂದೇ ಕುದುರೆಯ ಮುಂಗಾಲುಗಳು. ಎಡಗಡೆಯದರ ಕೆಲಸ ಈಗಷ್ಟೇ ಮುಗಿದಿದೆ. ಬಲಗಡೆಯದನ್ನು ಇನ್ನೂ ಮುಟ್ಟಿಲ್ಲ. ಬಲಗಡೆಯ ಗೊರಸಿನ ತುದಿ ಉದ್ದಕ್ಕೆ ಚಾಚಿಕೊಂಡಿದೆ, ಹಿಮ್ಮಡಿ ತಗ್ಗಿದೆ. ಲಾಳ ಮಾತ್ರ ದಪ್ಪಗೆ, ಗಟ್ಟಿಯಾಗಿ ಇದೆ. ಇನ್ನೂ ಸುಮಾರು ದಿನ ಬಾಳಿಕೆ ಬರುವಷ್ಟು ಕಬ್ಬಿಣ ಉಳಿದಿದೆ. ಅದಕ್ಕೇ ಗಾಡಿಯವರು, "ಚಾಚಾ, ಲಾಳ ಚೆನ್ನಾಗೇ ಇದೆಯಲ್ಲ, ಮುಂದಿನ ತಿಂಗಳು ನೋಡೋಣ್ವಾ?" ಅಂತ ಕೇಳಿದರು.

ಲಾಳ ಕಟ್ಟುವ ಹಿರಿಯರು ತಲೆ ಎತ್ತಲೇ ಇಲ್ಲ. "ಲಾಳ ಚೆನ್ನಾಗಿದೆ ಬೇಟಾ. ಕಾಲು ಎಲ್ಲಿ ಚೆನ್ನಾಗಿದೆ? ಇಲ್ಲಿ ಕೈ ಇಟ್ಟು ನೋಡು" ಅಂದರು.

ನಾನು ಈ ವಿಡಿಯೋ ಮಾಡುತ್ತಿರುವುದೇ ಈ ಮಾತಿಗಾಗಿ. ಕುದುರೆಗೆ ಲಾಳ ಕಟ್ಟಿಸಿದರೆ ಕೆಲಸ ಮುಗಿಯಿತು, ಸವೆದ ಮೇಲೆ ಬದಲಾಯಿಸಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ತಿಂಗಳಿಗೆ ಸುಮಾರು 6ರಿಂದ 9 ಮಿಲಿಮೀಟರ್. ಮೇಲೆ ಕೂದಲು ಮುಗಿಯುವ ಅಂಚಿನಲ್ಲಿ ಹುಟ್ಟಿದ ಗೊರಸು ಇಳಿದು ಮುಂತುದಿಯಲ್ಲಿ ನೆಲ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬಯಲಲ್ಲಿ ಅಲೆಯುವ ಕುದುರೆಗೆ ಕಲ್ಲು, ಮಣ್ಣು ತಾಗಿ ಬೆಳೆದದ್ದು ಸವೆಯುತ್ತದೆ. ಟಾರು ರಸ್ತೆಯಲ್ಲಿ ಗಾಡಿ ಎಳೆಯುವ ಕುದುರೆಗೆ ಬೆಳೆಯುವುದಕ್ಕಿಂತ ಸವೆಯುವುದೇ ಜಾಸ್ತಿ. ಅದಕ್ಕೇ ಲಾಳ ಬೇಕು.

ಲಾಳ ಬಿದ್ದ ದಿನದಿಂದ ಸವೆತ ನಿಲ್ಲುತ್ತದೆ. ಬೆಳವಣಿಗೆ ನಿಲ್ಲುವುದಿಲ್ಲ. ಗೊರಸು ನೇರ ಕೆಳಕ್ಕೆ ಬೆಳೆಯುವುದೂ ಇಲ್ಲ, ಓರೆಯಾಗಿ ಮುಂದಕ್ಕೆ ಬೆಳೆಯುತ್ತದೆ. ಮೊಳೆ ಹೊಡೆದ ಲಾಳವೂ ಅದರ ಜೊತೆಗೇ ಮುಂದೆ ಹೋಗುತ್ತದೆ. ಐದಾರು ವಾರ ಕಳೆಯುವಷ್ಟರಲ್ಲಿ ಹಿಮ್ಮಡಿಗೆ ಆಸರೆ ಇರುವುದಿಲ್ಲ. ಲಾಳದ ಹಿಂದಿನ ತುದಿ ಹಿಮ್ಮಡಿಯ ಒಳಕ್ಕೆ ಒತ್ತುತ್ತಿರುತ್ತದೆ.

ಈಗ ಆ ಕಾಲಿನ ಒಳಗೆ ಏನಾಗುತ್ತಿದೆ ಅಂತ ಯೋಚಿಸಿ. ಕುದುರೆ ನಿಲ್ಲುವುದು ಒಂದೊಂದು ಕಾಲಿನಲ್ಲೂ ಒಂದೇ ಒಂದು ಬೆರಳಿನ ಮೇಲೆ. ಅದರ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಬೀಳುತ್ತದೆ. ಗೊರಸಿನೊಳಗೆ ಒಂದು ಮೂಳೆ ಇದೆ. ಅದು ಗೊರಸಿನ ಗೋಡೆಗೆ ನೂರಾರು ತೆಳು ಪದರಗಳ ಮೂಲಕ ಅಂಟಿಕೊಂಡಿದೆ. ಕಾಲಿನ ಹಿಂಭಾಗದಿಂದ ಇಳಿದು ಬರುವ ದಪ್ಪ ನರ, ಡಾಕ್ಟರುಗಳು ಟೆಂಡನ್ ಅನ್ನುತ್ತಾರಲ್ಲ, ಅದು ಆ ಮೂಳೆಯ ಅಡಿಗೆ ಬಂದು ಸೇರುತ್ತದೆ. ಗೊರಸಿನ ತುದಿ ಉದ್ದ ಆದಷ್ಟೂ ಕಾಲು ನೆಲ ಬಿಡುವುದು ತಡವಾಗುತ್ತದೆ. ಒಂದೊಂದು ಹೆಜ್ಜೆಗೂ ಆ ನರ ಬೇಕಾದದ್ದಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದರೆ ನರ ಊದುತ್ತದೆ, ಕೀಲು ನೋಯುತ್ತದೆ, ಕುದುರೆ ಕುಂಟುತ್ತದೆ. ಆಗ ಕುದುರೆಗೆ ವಯಸ್ಸಾಯಿತು ಅಂತ ಜನ ಸುಮ್ಮನಾಗಿಬಿಡುತ್ತಾರೆ. ಅದನ್ನು ಕೇಳುವಾಗ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಬನ್ನಿ, ಕೆಲಸ ನೋಡೋಣ. ಎತ್ತಿಗೆ ಲಾಳ ಕಟ್ಟುವುದನ್ನು ಹಳ್ಳಿ ಕಡೆಯವರು ನೋಡಿರುತ್ತೀರಿ. ಹಗ್ಗ ಹಾಕಿ ಕೆಡವಿ, ಕಾಲು ಸೇರಿಸಿ ಕಟ್ಟಿ, ಸೀಳು ಗೊರಸಿಗೆ ಎರಡೆರಡು ಲಾಳ ಹೊಡೆಯುತ್ತಾರೆ. ಕುದುರೆಯನ್ನು ಮಲಗಿಸುವುದಿಲ್ಲ. ಅದು ನಿಂತೇ ಇರುತ್ತದೆ. ಒಬ್ಬರು ಕಾಲು ಎತ್ತಿ ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಕೆಲಸ ಮಾಡುತ್ತಾರೆ. ಈ ಕುದುರೆ ನೋಡಿ, ಎಷ್ಟು ನಂಬಿಕೆಯಿಂದ ನಿಂತಿದೆ.

ಮೊದಲು ಗೊರಸಿನ ಹೊರಗೆ ಮಡಚಿರುವ ಮೊಳೆ ತುದಿಗಳನ್ನು ಬಿಡಿಸಬೇಕು. ಬಿಡಿಸದೆ ಲಾಳ ಕಿತ್ತರೆ ಗೊರಸಿನ ಅಂಚು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಆಮೇಲೆ ಇಕ್ಕಳ ಹಾಕಿ ಹಿಮ್ಮಡಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎತ್ತುತ್ತಾರೆ. ಬಿಚ್ಚಿದ ಲಾಳವನ್ನು ಚಾಚಾ ಹಾಗೇ ಎಸೆಯಲಿಲ್ಲ. ತಿರುಗಿಸಿ ನೋಡಿದರು. ಒಂದು ಪಕ್ಕ ಸ್ವಲ್ಪ ಜಾಸ್ತಿ ಸವೆದಿದೆ. ಅಂದರೆ ಕುದುರೆ ಆ ಪಕ್ಕದ ಮೇಲೆ ಹೆಚ್ಚು ಭಾರ ಹಾಕುತ್ತಿದೆ, ಗೊರಸು ಸಮವಾಗಿಲ್ಲ ಅಂತ ಅರ್ಥ. ಹಳೇ ಲಾಳವನ್ನು ಹೊಸ್ತಿಲಿಗೆ ಹೊಡೆಯಲು ಬೇಕು ಅಂತ ಕೇಳಿಕೊಂಡು ಬರುವವರಿದ್ದಾರೆ. ತೆಗೆದುಕೊಂಡು ಹೋಗಲಿ. ಆದರೆ ಅದಕ್ಕೂ ಮೊದಲು ಕುದುರೆ ಸಾಕುವವರು ಅದನ್ನು ಒಮ್ಮೆ ಸರಿಯಾಗಿ ನೋಡಬೇಕು. ಕುದುರೆಯ ನಡಿಗೆ ಅದರಲ್ಲೇ ಕಾಣುತ್ತದೆ.

ಈಗ ಗೊರಸಿನ ಅಡಿಭಾಗ. ಕೊಳೆ ಕೆರೆದು ತೆಗೆದರು. ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಕಾಣುತ್ತಿದೆಯಲ್ಲ, ಅದು ಫ್ರಾಗ್. ಕಾಲು ನೆಲಕ್ಕೆ ಬಿದ್ದಾಗ ಹೊಡೆತ ತಡೆಯುವುದರಲ್ಲಿ, ರಕ್ತ ಮೇಲಕ್ಕೆ ಹೋಗುವುದರಲ್ಲಿ ಅದರ ಪಾತ್ರ ದೊಡ್ಡದು. ಅದರ ಪಕ್ಕದ ಸಂದಿಗಳಲ್ಲಿ ಕಪ್ಪಗೆ, ಕೆಟ್ಟ ವಾಸನೆಯ ಕೊಳೆ ಸಿಕ್ಕಿದರೆ ಕುದುರೆ ಒದ್ದೆ ನೆಲದಲ್ಲಿ ನಿಂತಿದೆ ಅಂತಲೇ ಲೆಕ್ಕ. ಲಾಯ ಒಣಗಿರಬೇಕು, ದಿನಾ ಗೊರಸು ಕೆರೆಯಬೇಕು. ಫ್ರಾಗನ್ನು ಚೆನ್ನಾಗಿ ಕಾಣಲಿ ಅಂತ ಕೆತ್ತಿ ಕೆತ್ತಿ ತೆಳ್ಳಗೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಸಡಿಲವಾಗಿ ಜೋತಾಡುವುದನ್ನು ಮಾತ್ರ ತೆಗೆದರೆ ಸಾಕು. ಅಂಗಾಲನ್ನೂ ಅಷ್ಟೇ, ತೆಳ್ಳಗೆ ಮಾಡಿದರೆ ಒಂದು ಸಣ್ಣ ಕಲ್ಲು ಸಿಕ್ಕರೂ ಕುದುರೆಗೆ ನೋವಾಗುತ್ತದೆ.

ಕತ್ತರಿಸಬೇಕಾದದ್ದು ಗೋಡೆಯನ್ನು. ಮುಂತುದಿಯಲ್ಲಿ ಜಾಸ್ತಿ, ಹಿಮ್ಮಡಿಯಲ್ಲಿ ಕಡಿಮೆ. ಆಮೇಲೆ ದೊಡ್ಡ ಅರ ಹಾಕಿ ಸಮ ಮಾಡುತ್ತಾರೆ. ಚಾಚಾ ಪ್ರತಿ ಸಲ ಅರ ಹಾಕಿದ ಮೇಲೆ ಕಾಲು ಕೆಳಗಿಳಿಸಿ, ಎರಡು ಹೆಜ್ಜೆ ಹಿಂದೆ ಹೋಗಿ, ಪಕ್ಕದಿಂದ ನೋಡುತ್ತಿದ್ದರು. ಗೊರಸಿನ ಮುಂಭಾಗ ಮತ್ತು ಅದರ ಮೇಲಿನ ಕಾಲು ಒಂದೇ ಓರೆಯಲ್ಲಿ ಬರಬೇಕು. ನಡುವೆ ಮುರಿದ ಹಾಗೆ ಕಂಡರೆ ಮತ್ತೆ ಅರ.

ಇನ್ನು ಲಾಳ. ಲಾಳವನ್ನು ಗೊರಸಿನ ಆಕಾರಕ್ಕೆ ಬಗ್ಗಿಸಬೇಕು. ಸಿದ್ಧವಾಗಿ ಸಿಕ್ಕ ಲಾಳ ಹೊಡೆದು, ಹೊರಗೆ ಉಳಿದ ಗೊರಸನ್ನು ಅರ ಹಾಕಿ ಉಜ್ಜಿಬಿಡುವುದು ಸುಲಭ, ಆದರೆ ಅದರಿಂದ ಗೋಡೆ ತೆಳ್ಳಗಾಗುತ್ತದೆ, ಮುಂದಿನ ಸಲ ಮೊಳೆ ಹಿಡಿಯುವ ಜಾಗವೇ ಇರುವುದಿಲ್ಲ. ಇಲ್ಲಿ ಲಾಳವನ್ನು ಇಟ್ಟು ನೋಡಿ, ತೆಗೆದು ಬಡಿದು, ಮತ್ತೆ ಇಟ್ಟು ನೋಡಿ, ಹೀಗೆ ಎಷ್ಟೋ ಸಲ ಮಾಡಿದರು. ಇದರಲ್ಲೇ ಜಾಸ್ತಿ ಹೊತ್ತು ಹೋಯಿತು. ಹೋಗಲೇಬೇಕು.

ಇಲ್ಲಿ ಸ್ವಲ್ಪ ಜೂಮ್ ಮಾಡುತ್ತೇನೆ. ಗೋಡೆ ಮತ್ತು ಅಂಗಾಲು ಸೇರುವಲ್ಲಿ ಒಂದು ತಿಳಿ ಬಣ್ಣದ ಗೆರೆ ಕಾಣುತ್ತಿದೆಯಾ? ಮೊಳೆ ಹೋಗಬೇಕಾದದ್ದು ಆ ಗೆರೆಯ ಹೊರಗಿನ ಗೋಡೆಯಲ್ಲಿ. ಅಲ್ಲಿ ಜೀವ ಇಲ್ಲ, ನೋವಾಗುವುದಿಲ್ಲ. ಕುದುರೆಗೆ ನೋಯಲ್ವಾ ಅಂತ ನೀವು ಕೇಳುವ ಪ್ರಶ್ನೆಗೆ ಇದೇ ಉತ್ತರ. ಗೆರೆಯ ಒಳಗೆ ಹೋದರೆ ಮಾತ್ರ ಖಂಡಿತ ನೋಯುತ್ತದೆ, ಕೀವೂ ಆಗುತ್ತದೆ. ಲಾಳದ ಮೊಳೆಯ ತುದಿ ಒಂದು ಪಕ್ಕ ಓರೆಯಾಗಿರುತ್ತದೆ. ಸರಿಯಾಗಿ ಹಿಡಿದು ಹೊಡೆದರೆ ಅದು ತಾನೇ ಬಾಗಿ ಗೋಡೆಯ ಹೊರಗೆ ಬರುತ್ತದೆ. ತಿರುಗಿಸಿ ಹಿಡಿದರೆ ಒಳಗೆ ಹೋಗುತ್ತದೆ. ಚಾಚಾ ಒಂದೊಂದು ಮೊಳೆಯನ್ನೂ ಬೆರಳಲ್ಲಿ ತಿರುಗಿಸಿ ನೋಡಿಯೇ ಇಡುತ್ತಿದ್ದರು. ಸುತ್ತಿಗೆ ಸದ್ದು ಕೇಳಿ. ಗಟ್ಟಿ ಗೋಡೆಯಲ್ಲಿ ಹೋಗುವಾಗ ಟಣ್ ಟಣ್ ಅನ್ನುತ್ತದೆ. ಸದ್ದು ಮಂದವಾದರೆ ಅವರ ಕೈ ಅಲ್ಲೇ ನಿಲ್ಲುತ್ತದೆ, ಆ ಮೊಳೆ ಕಿತ್ತು ಮತ್ತೆ ಹೊಡೆಯುತ್ತಾರೆ. ಗೊರಸು ಅತಿ ಅಗಲ ಇರುವ ಜಾಗದಿಂದ ಹಿಂದಕ್ಕೆ ಮೊಳೆ ಹೊಡೆಯುವುದಿಲ್ಲ. ಭಾರ ಬಿದ್ದಾಗ ಹಿಮ್ಮಡಿ ಸ್ವಲ್ಪ ಅಗಲ ಆಗಬೇಕು, ಅದನ್ನು ಕಟ್ಟಿಹಾಕಬಾರದು.

ಎಲ್ಲ ಕುದುರೆಗೂ ಲಾಳ ಬೇಕು ಅಂತ ನಾನು ಹೇಳುತ್ತಿಲ್ಲ. ಮೆತ್ತನೆ ನೆಲದಲ್ಲಿ ಇರುವ, ಭಾರ ಎಳೆಯದ ಕುದುರೆ ಬರಿಗಾಲಲ್ಲೇ ಆರಾಮಾಗಿ ಇರಬಹುದು. ರೇಸ್ ಕುದುರೆಗೆ ಓಡುವ ದಿನ ಹಗುರವಾದ ಅಲ್ಯೂಮಿನಿಯಂ ಲಾಳ ಹಾಕುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಲೆಕ್ಕ. ಗೊರಸು ಕತ್ತರಿಸುವುದು ಮಾತ್ರ ಯಾವ ಕುದುರೆಗೂ ತಪ್ಪುವುದಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಟಾಂಗಾದವರ ಸಂಪಾದನೆ ಪ್ರವಾಸಿಗರ ಮೇಲೆ ನಿಂತಿದೆ, ಮಳೆಗಾಲದಲ್ಲಿ ಗಿರಾಕಿ ಕಡಿಮೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಐದಾರು ವಾರಕ್ಕೊಮ್ಮೆ ಬಿಚ್ಚಿಸಿ ಅಂದರೆ ಪ್ರತಿ ಸಲ ಹೊಸ ಲಾಳ ಕೊಳ್ಳಿ ಅಂತಲ್ಲ. ಕಬ್ಬಿಣ ದಪ್ಪಗಿದ್ದರೆ, ಸೊಟ್ಟಗಾಗದಿದ್ದರೆ ಗೊರಸು ಕತ್ತರಿಸಿ ಅದೇ ಲಾಳವನ್ನು ಹೊಸ ಮೊಳೆಯಲ್ಲಿ ಮತ್ತೆ ಹೊಡೆಯಬಹುದು. ಇವತ್ತು ಬಲಗಾಲಿಗೆ ಚಾಚಾ ಹಾಗೇ ಮಾಡಿದರು. ಬಡಿದು ಸರಿಮಾಡಿ, ಅದೇ ಲಾಳ. ಕೂಲಿ, ಮೊಳೆ, ಅಷ್ಟೇ ಖರ್ಚು.

ಮೈಸೂರಿಗೆ ಬಂದವರು ಗಾಡಿ ಹತ್ತುವ ಮುಂಚೆ ಒಂದು ನಿಮಿಷ ಕುದುರೆಯ ಕಾಲು ನೋಡಿ. ಮೊಳೆ ತುದಿ ಹೊರಗೆ ಚಾಚಿದೆಯಾ, ಲಾಳ ಅಲ್ಲಾಡಿ ಪಟಪಟ ಅನ್ನುತ್ತಿದೆಯಾ ಗಮನಿಸಿ. ಕುದುರೆ ನಡೆಯುವಾಗ ತಲೆ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ. ಹಾಗೆ ಕಂಡರೆ ಹತ್ತಬೇಡಿ. ಜಗಳ ಆಡಬೇಡಿ, "ಅಣ್ಣ, ಈ ಕಾಲು ಒಂದು ಸಲ ತೋರಿಸಿ" ಅಂತ ಹೇಳಿ. ಚೆನ್ನಾಗಿ ನೋಡಿಕೊಂಡ ಕುದುರೆಯಾದರೆ ದಯವಿಟ್ಟು ಬಾಡಿಗೆಗೆ ಚೌಕಾಸಿ ಮಾಡಬೇಡಿ.

ಈ ಗಾಡಿಯವರಿಗೆ ದಸರಾದಲ್ಲಿ ಬಿಡುವೇ ಇರುವುದಿಲ್ಲ. ಹಬ್ಬದ ಹಿಂದಿನ ದಿನ ಲಾಳ ಕಟ್ಟಿಸೋಣ ಅಂದರು. ಚಾಚಾ ಬೇಡ ಅಂದರು. ಮೊಳೆ ಎಲ್ಲಾದರೂ ಒತ್ತುತ್ತಿದ್ದರೆ ಅದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ, ಆಗ ತೆಗೆದು ಸರಿಮಾಡಲು ಸಮಯ ಬೇಕು. ನವರಾತ್ರಿಗೆ ಒಂದು ವಾರ ಮುಂಚೆಯೇ ಕುದುರೆ ಹಿಡಿದುಕೊಂಡು ಬರುವುದು ಅಂತ ತೀರ್ಮಾನ ಆಯಿತು. ಅವತ್ತು ನಾನೂ ಕ್ಯಾಮೆರಾ ತೆಗೆದುಕೊಂಡು ಬರುತ್ತೇನೆ, ಹಿಂಗಾಲುಗಳ ಕೆಲಸ ಆಗ ತೋರಿಸುತ್ತೇನೆ.