ಜೌಗಿನ ಮೇಲೊಂದು ಹಲಗೆ ದಾರಿ: 5,800 ವರ್ಷದ ಹಿಂದೆ ಹಾಕಿದ್ದು

[ದೃಶ್ಯ: ಕಪ್ಪು ಮಣ್ಣಿನಲ್ಲಿ ಅರ್ಧ ಹೂತ ಹಲಗೆ]

ನಮಸ್ಕಾರ. 1970ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ರೇ ಸ್ವೀಟ್ ಅನ್ನುವವರು ಕಾಲುವೆಯ ಹೂಳು ತೆಗೆಯುತ್ತಿದ್ದರು. ಪೀಟ್ ಅಗೆಯುವುದು ಅವರ ಕಸುಬು. ಪೀಟ್ ಅಂದ್ರೆ ಜೊಂಡು, ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣು. ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಆ ಹೂಳಿನಡಿ ಹಲಗೆಯೊಂದು ಸಿಕ್ಕಿತು. ಹಾಗೇ ಕೆದಕುತ್ತಾ ಹೋದರೆ ಸುಮಾರು 2 ಕಿ.ಮೀ. ಉದ್ದದ ದಾರಿ! ಇದಕ್ಕೆ ಸ್ವೀಟ್ ಟ್ರ್ಯಾಕ್ ಅಂತ ಹೆಸರು. ಸಿಹಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಆ ಪುಣ್ಯಾತ್ಮರ ಹೆಸರು.

[ದೃಶ್ಯ: ಗೂಟ, ಹಲಗೆ ಜೋಡಿಸುವ ಚಿತ್ರ]

ಈ ಜೌಗಿಗೆ ಕಲ್ಲು ಸುರಿದರೆ ಕಲ್ಲೇ ಮುಳುಗುತ್ತದೆ. ಅದಕ್ಕೆ ಈ ದಾರಿ ಕಟ್ಟಿದವರು ಮೊದಲು ಉದ್ದುದ್ದ ಗಳಗಳನ್ನು ಒಂದರ ಹಿಂದೆ ಒಂದು ಮಲಗಿಸಿದರು. ಆಮೇಲೆ ಎರಡೂ ಬದಿಯಿಂದ ಗೂಟಗಳನ್ನು ಓರೆಯಾಗಿ ಹೊಡೆದರು. ಗಳದ ಮೇಲೆ ಗೂಟಗಳು ಕತ್ತರಿಯ ಹಾಗೆ ಅಡ್ಡ ಹಾಯುತ್ತವೆ. ಆ ಕತ್ತರಿಯ ಸಂದಿಯಲ್ಲಿ ಓಕ್ ಮರದ ಹಲಗೆ ಕೂರಿಸಿದರು. ಹಲಗೆ ಜಾರದಂತೆ ತೂತು ಕೊರೆದು ಇನ್ನೊಂದು ಗೂಟ ಇಳಿಸಿದರು. ಮಲೆನಾಡಿನವರಿಗೆ ಕಾಲುಸಂಕ ನೆನಪಾಗಬಹುದು. ಅಗಲ ಒಂದೇ ಹಲಗೆ. ಎದುರಿಗೆ ಯಾರಾದರೂ ಬಂದ್ರೆ ಏನು ಮಾಡ್ತಿದ್ರೋ!

ಕಬ್ಬಿಣ ಇಲ್ಲ, ಗರಗಸ ಇಲ್ಲ. ಕಲ್ಲಿನ ಕೊಡಲಿಯಿಂದ ಮರ ಕಡಿದು, ಬೆಣೆ ಹೊಡೆದು ಸೀಳಿದ್ದು. ಮರದ ವರ್ಷದ ಉಂಗುರಗಳನ್ನು ಎಣಿಸಿದಾಗ, ಮರ ಕಡಿದದ್ದು ಕ್ರಿ.ಪೂ. 3807ರ ಚಳಿಗಾಲದಿಂದ 3806ರ ವಸಂತದೊಳಗೆ ಅಂತ ತಿಳಿಯಿತು. ವರ್ಷ ಮಾತ್ರ ಅಲ್ಲ, ಋತುವೂ ಸಿಕ್ಕಿತು ನೋಡಿ.

[ದೃಶ್ಯ: ಹಸಿರು ಕೊಡಲಿ]

ದಾರಿಯ ಪಕ್ಕದಲ್ಲಿ ಒಡೆದ ಮಡಕೆ ಸಿಕ್ಕಿದೆ, ಅದರಲ್ಲಿ ಹೇಝಲ್ ಕಾಯಿ. ಯಾರದೋ ಕಾಲು ಜಾರಿರಬೇಕು, ಪಾಪ. ಆದ್ರೆ ಈ ಜೇಡ್ ಕಲ್ಲಿನ ಕೊಡಲಿಯ ಕತೆ ಬೇರೆ. ಕಲ್ಲು ಬಂದದ್ದು ದೂರದ ಆಲ್ಪ್ಸ್ ಪರ್ವತದಿಂದ. ಕನ್ನಡಿಯ ಹಾಗೆ ಉಜ್ಜಿದ್ದಾರೆ, ಒಂದು ಏಟೂ ಹೊಡೆದಿಲ್ಲ. ಇಂಥದ್ದು ಸುಮ್ನೆ ಕೈಜಾರಿ ಬೀಳುತ್ತಾ? ಬೇಕಂತಲೇ ನೀರಿಗೆ ಒಪ್ಪಿಸಿದ್ದು ಅಂತ ನನಗನಿಸುತ್ತದೆ.

ದಾರಿ ಬಳಕೆಯಲ್ಲಿದ್ದದ್ದು ಹತ್ತು ವರ್ಷದಷ್ಟೇ. ಆಮೇಲೆ ಜೊಂಡು ನುಂಗಿತು. ನೆನೆದ ಪೀಟ್‌ನೊಳಗೆ ಗಾಳಿ ಆಡುವುದಿಲ್ಲ, ಹಾಗಾಗಿ ಮರ ಕೊಳೆಯಲಿಲ್ಲ. ಕೆಲವು ತುಂಡುಗಳು ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಮಣ್ಣಿನಡಿ ಉಳಿದ ಭಾಗ ಒಣಗಿ ಬಿರಿಯಬಾರದು ಅಂತ ಪಂಪ್ ಇಟ್ಟು ನೀರು ಹಾಯಿಸುವ ಏರ್ಪಾಡು ಮಾಡಿದ್ದಾರೆ.